ಇಬ್ಬರು ಮರ್ಯಾದಸ್ಥರ ಸಹಿ

ಮೊನ್ನೆ ರೋಣದಲ್ಲಿ ಒಂದು ಸಮಾರಂಭಕ್ಕೆ ಕರೆದಿದ್ದರು. ಪಿಂಚಣಿ ತಿನ್ನುವ ಮುದುಕರನ್ನು ಇಂಥ ಕಡೆ ಮುಂದಿನ ಸಾಲಿನಲ್ಲೇ ಕೂರಿಸುತ್ತಾರೆ. ನಾವು ನಡುವೆ ಎದ್ದು ಹೋಗಲಾರೆವು ಎಂಬ ಧೈರ್ಯ ಅವರಿಗೆ. ಅಬ್ಬಿಗೇರಿ ಕಡೆಯ ಜಮೀನುದಾರ ಚನ್ನಬಸಪ್ಪಗೌಡರು ತಮ್ಮ ಅಜ್ಜ ರುದ್ರಗೌಡರ ಹೆಸರಿನಲ್ಲಿ ಒಂದು ವಿದ್ಯಾರ್ಥಿವೇತನ ಇಟ್ಟಿದ್ದರು. ವರ್ಷಕ್ಕೊಬ್ಬ ಬಡ ಹುಡುಗ ಅದರ ಆಧಾರದಿಂದ ಮುಂಬೈಗೆ ಹೋಗಿ ಡಾಕ್ಟರಿ ಕಲಿಯಬೇಕು. ಪಡಸಾಲೆಗೆ ಹೊಸ ಸುಣ್ಣ ಬಳಿದಿದ್ದರು. ಬಂದವರ ಮೇಲೆಲ್ಲ ಗುಲಾಬಿ ನೀರು ಚಿಮುಕಿಸಿದರು. ಒಬ್ಬರು ಎದ್ದು ನಿಂತು, ರುದ್ರಗೌಡರಿಗೆ ವೈದ್ಯವಿದ್ಯೆಯ ಬಗ್ಗೆ ಮೊದಲಿನಿಂದಲೂ ಅಪಾರ ಕಳಕಳಿ ಇತ್ತೆಂದು ಭಾಷಣ ಮಾಡಿದರು.

ಹಸಿ ಸುಣ್ಣದ ವಾಸನೆ, ಗುಲಾಬಿ ನೀರಿನ ವಾಸನೆ, ಆ ಹೆಸರು. ಮೂರೂ ಒಟ್ಟಿಗೇ ಬಂದವು. ಮೂವತ್ತೈದು ವರ್ಷಗಳ ಹಿಂದೆ ಇದೇ ವಾಸನೆಯ ನಡುವೆ ರುದ್ರಗೌಡರ ಅಂಗಳದಲ್ಲಿ ನಾನು ಕೈಕಟ್ಟಿ ನಿಂತಿದ್ದೆ. ಅವರ ಕಳಕಳಿಯನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ. ಕಂಡದ್ದನ್ನು ಬರೆದಿಡುತ್ತೇನೆ. ವಿದ್ಯಾರ್ಥಿವೇತನದ ಮೇಲೆ ನನಗೇನೂ ಸಿಟ್ಟಿಲ್ಲ. ಅಂಥದೊಂದು ಹಣ ಒಬ್ಬನ ಬಾಳಿನಲ್ಲಿ ಏನು ಮಾಡಬಲ್ಲದು ಎಂದು ನನ್ನಷ್ಟು ಹತ್ತಿರದಿಂದ ನೋಡಿದವರು ಆ ಸಭೆಯಲ್ಲಿ ಯಾರೂ ಇರಲಿಲ್ಲ.

ಅದು ಕುಂಪಣಿ ಸರಕಾರದ ಕಾಲ. ನರಗುಂದದ ಬಂಡಾಯಕ್ಕೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ನಾನು ಇಪ್ಪತ್ತೆರಡರ ತರುಣ, ಧಾರವಾಡದಿಂದ ರೋಣಕ್ಕೆ ಕಾರಕೂನನಾಗಿ ಬಂದಿದ್ದೆ. ಅಕ್ಷರ ದುಂಡಗಿತ್ತು, ನಾಲ್ಕು ಸಾಲು ಇಂಗ್ಲಿಷ್ ಬರುತ್ತಿತ್ತು. ಈ ಎರಡು ಗುಣಗಳಿಂದ ನನ್ನನ್ನು ನಾನು ಬಹಳ ದೊಡ್ಡವನೆಂದು ತಿಳಿದಿದ್ದೆ. ದೊಡ್ಡವರು ಕರೆದಲ್ಲಿ ಓಡುವುದೇ ದೊಡ್ಡವನಾಗುವ ದಾರಿ ಎಂದೂ ತಿಳಿದಿದ್ದೆ.

ಆ ವರ್ಷ ಮುಂಗಾರು ಬೇಗ ಹಿಡಿಯಿತು. ಎರೆಭೂಮಿಯ ಮಳೆಗಾಲ ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ನೆಲ ನಾಲ್ಕು ಮಳೆಗೆ ಅರಗಿನಂತಾಗುತ್ತದೆ. ನಡೆದವನ ಪಾದಕ್ಕೆ ಹೆಜ್ಜೆಗೆ ಪಾವುಸೇರಿನಂತೆ ಮಣ್ಣು ಮೆತ್ತುತ್ತ ಹೋಗಿ, ಹರದಾರಿ ಮುಗಿಯುವಷ್ಟರಲ್ಲಿ ಕಾಲು ಎತ್ತುವುದೇ ಒಂದು ಕೂಲಿಯಾಗುತ್ತದೆ. ಬಂಡಿಗಳು ಅಚ್ಚಿನವರೆಗೆ ಹೂತು ದಾರಿಯಲ್ಲೇ ನಿಲ್ಲುತ್ತವೆ. ಜನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಿರುಗುತ್ತಾರೆ.

ಅಂಥ ದಿನಗಳಲ್ಲೇ ಆ ಪ್ರಕಟಣೆ ಬಂತು. ಮುಂಬೈಯಲ್ಲಿ ಇಂಗ್ಲಿಷ್ ವೈದ್ಯ ಕಲಿಸುವ ಶಾಲೆಗೆ ನಮ್ಮ ಭಾಗದಿಂದ ಒಬ್ಬನನ್ನು ಆರಿಸುತ್ತಾರೆ. ತಿಂಗಳಿಗೆ ಹತ್ತು ರೂಪಾಯಿ, ಇರಲು ಕೋಣೆ, ಓದಲು ಪುಸ್ತಕ. ಐದು ವರ್ಷ ಓದಿ, ಆಮೇಲೆ ಕೆಲವು ವರ್ಷ ಸರಕಾರ ಕಳಿಸಿದ ಊರಿನಲ್ಲಿ ಚಾಕರಿ ಮಾಡಬೇಕು. ಇಂಗ್ಲಿಷ್ ಓದಲು ಬರಬೇಕು. ಧಾರವಾಡದ ದೊರೆ ಡಾಕ್ಟರರು ಪರೀಕ್ಷೆ ಮಾಡುತ್ತಾರೆ. ಕೊನೆಗೊಂದು ಮಾತು: ಹುಡುಗನ ನಡತೆಯ ಬಗ್ಗೆ ಇಬ್ಬರು ಮರ್ಯಾದಸ್ಥರು ಸಹಿ ಮಾಡಿದ ಕಾಗದ ಬೇಕು.

ನಾನೇ ಅದನ್ನು ಕನ್ನಡಕ್ಕೆ ಇಳಿಸಿ ಚಾವಡಿಗಳಿಗೆ ಕಳಿಸಿದೆ. ಜನ ಓದಿಸಿಕೊಂಡು ನಕ್ಕರು. "ಹೆಣಾ ಕೊಯ್ಯಾಕ ಹತ್ತು ರೂಪಾಯಿನ? ನಮ್ಮೂರಾಗ ಹೊಲಾ ಕೊಯ್ಯಾಕ ಮಂದಿ ಸಿಗವಲ್ರು" ಎಂದು ಒಬ್ಬ ಹೇಳಿದ ಮಾತು ಸಂತೆಯಲ್ಲೆಲ್ಲ ತಿರುಗಿತು. ನಾನೂ ನಕ್ಕೆ.

ಎಂಟು ದಿನದ ಮೇಲೆ ಗಜೇಂದ್ರಗಡದಿಂದ ಒಬ್ಬ ನಡೆದು ಬಂದ. ಮೊಣಕಾಲಿನವರೆಗೆ ಕೆಸರು. ಹದಿನೆಂಟರ ವಯಸ್ಸು, ತೆಳ್ಳಗಿನ ಮೈ. ಹೆಸರು ಇಸ್ಮಾಯಿಲ್. ತಂದೆ ಕುದುರೆಗಳಿಗೆ ಲಾಳ ಕಟ್ಟುವವನು. ಧಾರವಾಡದ ದಂಡಿನಲ್ಲಿ ಕೆಲಸಕ್ಕಿದ್ದಾಗ ಮಗನನ್ನು ಅಲ್ಲಿಯ ಇಂಗ್ಲಿಷ್ ಶಾಲೆಗೆ ಹಾಕಿದ್ದ. ನಾಲ್ಕು ವರ್ಷ ಓದುವಷ್ಟರಲ್ಲಿ ತಂದೆಯ ಅಂಗೈಗೆ ಲಾಳದ ಮೊಳೆ ಚುಚ್ಚಿ, ಧನುರ್ವಾಯು ಆಗಿ ಸತ್ತ. ತಾಯಿ ಮಗ ಊರಿಗೆ ಮರಳಿದ್ದರು. ತಾಯಿ ಇಮಾಂಬಿ ಸೂಲಗಿತ್ತಿ.

"ರಾಯರ, ಪ್ರಕಟಣಿ ನಾ ಓದೀನ್ರಿ. ನನ್ನ ಹೆಸರ ಬರಕೋರಿ" ಎಂದ.

"ಯಾರ ಓದಿ ಹೇಳಿದ್ರು?"

"ನಾನ ಓದಿದ್ನಿರಿ. ನೀವು ಅದರಾಗ ಒಂದು ಮಾತು ಬಿಟ್ಟೀರಿ. ಇಲ್ಲಿ ಕಚೇರಿ ಗ್ವಾಡಿಗೆ ಹಚ್ಚಿದ ಇಂಗ್ಲಿಷಿನ್ಯಾಗ ದಾರಿ ಖರ್ಚೂ ಸರಕಾರದ್ದ ಅಂತ ಐತಿ."

ನಿಜ, ಬಿಟ್ಟಿದ್ದೆ. ಆ ಸಾಲು ನನಗೆ ಅರ್ಥವಾಗಿರಲಿಲ್ಲ. ಅವನ ಮೇಲೆ ನನಗೆ ಆಗ ಬಂದದ್ದು ಮೆಚ್ಚುಗೆಯಲ್ಲ, ಮುನಿಸು. ಅದನ್ನು ತೋರಿಸಿಕೊಳ್ಳದೆ, ಇಬ್ಬರ ಸಹಿ ತಂದರೆ ನೋಡೋಣ ಎಂದು ಕಳಿಸಿದೆ.

ಅವನು ಮೊದಲು ಹೋದದ್ದು ತನ್ನ ಊರಿನ ಒಬ್ಬ ಬಟ್ಟೆ ವ್ಯಾಪಾರಿಯ ಬಳಿ. ಆ ಶೆಟ್ಟರ ಐದು ಮಕ್ಕಳನ್ನೂ ಇಮಾಂಬಿಯೇ ಹೊರಗೆ ತೆಗೆದಿದ್ದಳು. ಶೆಟ್ಟರು ಬಹಳ ಮೆತ್ತಗೆ ಮಾತಾಡಿದರಂತೆ. "ತಮ್ಮಾ, ನೀ ಚಲೋ ಹುಡುಗ. ಆದ್ರ ಮರ್ಯಾದಸ್ಥರ ಸಹಿ ಅಂದ್ರ ಏನು? ನಿನಗ ಹೊಲ ಇಲ್ಲ, ಮನಿ ಇಲ್ಲ. ನಾಳೆ ನೀ ಓಡಿ ಹೋದ್ರ ಸರಕಾರ ನನ್ನ ಹಿಡೀತೈತಿ." ಅದೇ ಶೆಟ್ಟರು ಅಳತೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಎರಡನೆಯ ಮಗನನ್ನು ಬಿಡಿಸಿಕೊಳ್ಳಲು ಎಷ್ಟೋ ಕಾಗದಗಳಿಗೆ ಸಹಿ ಹಾಕಿದ್ದನ್ನು ನಾನು ನೋಡಿದ್ದೆ. ಸಹಿಯ ಬೆಲೆ ಅವರಿಗೆ ಗೊತ್ತಿತ್ತು. ಅದಕ್ಕೇ ಪುಕ್ಕಟೆ ಹಾಕಲಿಲ್ಲ.

ಇಸ್ಮಾಯಿಲ್ ಮತ್ತೆ ರೋಣಕ್ಕೆ ಬಂದ. ಆಗ ನಾನು ನನ್ನ ದೊಡ್ಡತನ ತೋರಿಸಲು, "ರುದ್ರಗೌಡರು ನನ್ನ ಮಾತು ಕೇಳ್ತಾರ, ಬಾ" ಎಂದು ಅಬ್ಬಿಗೇರಿ ದಾರಿ ಹಿಡಿದೆ. ರುದ್ರಗೌಡರು ಒಂದು ಪತ್ರ ಓದಿಸಿಕೊಳ್ಳಲು ತಿಂಗಳಿಗೊಮ್ಮೆ ನನ್ನನ್ನು ಕರೆಸುತ್ತಿದ್ದರು, ಒಂದು ಲೋಟ ಹಾಲು ಕೊಡಿಸುತ್ತಿದ್ದರು. ಅದನ್ನೇ ನಾನು ಸ್ನೇಹವೆಂದು ತಿಳಿದಿದ್ದೆ.

ಗೌಡರು ತೂಗುಮಣೆಯ ಮೇಲೆ ಕುಳಿತಿದ್ದರು. ನನ್ನನ್ನು ಪಡಸಾಲೆಗೆ ಕರೆದರು. ಇಸ್ಮಾಯಿಲ್ ಅಂಗಳದಲ್ಲಿ, ಸೂರಿನ ನೀರು ಬೀಳುವಲ್ಲಿ ನಿಂತ. ಅವನು ಸ್ವಲ್ಪ ಒಳಗೆ ಸರಿದಿದ್ದರೆ ತೊಯ್ಯುತ್ತಿರಲಿಲ್ಲ. ಒಳಗೆ ಬಾ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

"ಯಾರಂವ?"

"ಇಮಾಂಬಿ ಮಗಾರಿ. ಮುಂಬೈ ಸಾಲಿಗೆ ಹೋಗಾಂವ. ತಮ್ಮ ಸಹಿ ಬೇಕು."

ಗೌಡರು ಅವನನ್ನು ಎತ್ತಿನ ಸಂತೆಯಲ್ಲಿ ನೋಡಿದಂತೆ ನೋಡಿದರು. "ಏನ್ ಕಲಸ್ತಾರ ಅಲ್ಲಿ?"

"ರೋಗ ಗುರ್ತಿಸೂದು, ಗಾಯ ಕಟ್ಟೂದು, ಮೈ ಒಳಗ ಏನೇನೈತಿ ಅನ್ನೂದು" ಎಂದ ಇಸ್ಮಾಯಿಲ್, ಮಳೆಯಲ್ಲಿ ನಿಂತೇ.

"ಮೈ ಒಳಗ ಏನೈತಿ ಅಂತ ನಿಮ್ಮವ್ವ ದಿನಾ ನೋಡ್ತಾಳಲ್ಲೊ. ಆಕಿ ಹತ್ರ ಕಲಿ." ಗೌಡರು ತಮ್ಮ ಮಾತಿಗೆ ತಾವೇ ನಕ್ಕರು. ನಾನು ಅವರೊಡನೆ ನಕ್ಕೆ. ಆ ನಗುವನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

ಅಷ್ಟಕ್ಕೆ ಬಿಡಲಿಲ್ಲ ನಾನು. ಗೌಡರಿಗೆ ವಿಷಯದ ಮಹತ್ವ ತಿಳಿಯಲೆಂದು, ಓದಿ ಬಂದವನಿಗೆ ಸರಕಾರಿ ಹುದ್ದೆ ಸಿಗುತ್ತದೆ, ಜೊತೆಗೊಬ್ಬ ಪಟ್ಟೇವಾಲ ಇರುತ್ತಾನೆ, ಸಾಹೇಬರೇ ಕುರ್ಚಿ ಕೊಟ್ಟು ಕೂರಿಸುತ್ತಾರೆ ಎಂದು ವಿವರಿಸಿದೆ. ತೂಗುಮಣೆ ನಿಂತಿತು.

"ಕುರ್ಚಿ ಕೊಡ್ತಾರ?"

"ಹೌದ್ರಿ."

"ಆ ಕಾಗದ ಇಲ್ಲಿಟ್ಟು ಹೋಗಲಿ. ನೋಡೂಣು."

ನಾಲ್ಕನೆಯ ದಿನ ಗೌಡರಿಂದ ನನಗೆ ಕರೆ ಬಂತು. ಅವರ ತಂಗಿಯ ಮಗ ಬಸವಂತನನ್ನು ಮುಂಬೈಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ನಾನು ವಾರಕ್ಕೆರಡು ಸಲ ಬಂದು ಅವನಿಗೆ ಇಂಗ್ಲಿಷ್ ಕಲಿಸಬೇಕು, ಅವನ ನಡತೆಯ ಕಾಗದವನ್ನೂ ನಾನೇ ಬರೆಯಬೇಕು. ನಾನು ಒಪ್ಪಿದೆ. ಬಸವಂತನು ಬಾಲ್ಯದಿಂದಲೇ ರೋಗಿಗಳ ಸೇವೆಯಲ್ಲಿ ನಿರತನೆಂದೂ, ಇಂಗ್ಲಿಷ್ ಗ್ರಂಥಗಳಲ್ಲಿ ಒಳ್ಳೆಯ ಗತಿ ಉಳ್ಳವನೆಂದೂ ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ. ನನ್ನ ಅಕ್ಷರ ಅಷ್ಟು ಚೆನ್ನಾಗಿ ಮತ್ತೆಂದೂ ಬಂದಿರಲಿಕ್ಕಿಲ್ಲ.

ಬಸವಂತ ಕೆಟ್ಟವನಲ್ಲ. ಇಪ್ಪತ್ತರ ಗಟ್ಟಿ ಆಳು. ಗರಡಿಗೆ ಹೋಗುತ್ತಿದ್ದ, ದಿನಕ್ಕೆ ಎರಡು ಸೇರು ಹಾಲು ಕುಡಿಯುತ್ತಿದ್ದ. ನನ್ನ ಮುಂದೆ ಪಾಟಿ ಹಿಡಿದು ಕುಳಿತು, ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದನ್ನು ಮರೆಯುತ್ತಿದ್ದ. ಒಂದು ದಿನ ದನಿ ತಗ್ಗಿಸಿ, "ರಾಯರ, ಒಂದು ಮಾತು ಹೇಳ್ತೀನಿ, ಮಾವಗ ಹೇಳಬ್ಯಾಡ್ರಿ. ನನಗ ರಕ್ತ ನೋಡಿದ್ರ ಕಣ್ಣು ಕತ್ತಲಿ ಬರ್ತಾವ" ಎಂದ.

"ಹಂಗಾದ್ರ ಹೋಗಂಗಿಲ್ಲ ಅಂತ ಹೇಳಪಾ."

"ಮಾವಗ ಯಾರು ಹೇಳಾವ್ರು? ನೀವು ಹೇಳ್ತೀರಿ?"

ನಾನು ಪಾಟಿಯ ಮೇಲೆ ಮತ್ತೊಂದು ಅಕ್ಷರ ಬರೆದೆ.

ಶ್ರಾವಣದ ಒಂದು ಮಧ್ಯಾಹ್ನ ಹೀಗೆ ಪಾಠ ನಡೆದಿತ್ತು. ಗೌಡರ ಸೊಸೆಗೆ ಬೆಳಗಿನಿಂದ ಬೇನೆ. ಗಜೇಂದ್ರಗಡಕ್ಕೆ ಮುಂಚಿತವಾಗಿಯೇ ಬಂಡಿ ಹೋಗಿತ್ತು. ಅದು ಕೆಸರಿನಲ್ಲಿ ಹೂತು ನಿಂತದ್ದರಿಂದ ಇಮಾಂಬಿ ಕೊನೆಯ ಹರದಾರಿ ನಡೆದೇ ಬಂದಳು. ನಾನು ಅವಳನ್ನು ಕಂಡದ್ದು ಅದೇ ಮೊದಲು. ಗಿಡ್ಡ ಹೆಂಗಸು, ಅಗಲವಾದ ಮಣಿಕಟ್ಟು. ಬಾವಿಕಟ್ಟೆಯ ಬಳಿ ಕಾಲು ತೊಳೆದು, ಬಿಸಿನೀರು ಕೇಳಿ, ಮೊಣಕೈಯವರೆಗೆ ಕೈ ತಿಕ್ಕಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋಗಿ, ಯಾರಿಗೂ ಕೇಳದಂತೆ ಹೇಳಿದೆ: "ಇಮಾಂಬಿ, ನಿನ್ನ ಮಗನ ಕಾಗದ ಒಳಗ ಗೌಡರ ಪೆಟಗ್ಯಾಗ ಅದ. ಈಗ ಕೇಳು. ಸಹಿ ಆದ ಮ್ಯಾಲೆ ಒಳಗ ಹೋಗ್ತೀನಿ ಅನ್ನು. ಇಲ್ಲ ಅನ್ನಲಿಕ್ಕೆ ಅವರಿಗೆ ಆಗೂದಿಲ್ಲ."

ಅವಳು ಕೈ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನೀವು ಕಲತಾವ್ರು ಹೌದಲ್ರಿ?" ಎಂದಳು.

"ಹೌದು."

"ಒಳಗಿರೂದು ಹದಿನೇಳು ವರ್ಷದ ಕೂಸು. ಆಕಿ ನನ್ನ ಮಗಗ ಏನ್ ಮಾಡ್ಯಾಳ್ರಿ?"

ಅಷ್ಟು ಹೇಳಿ ಒಳಗೆ ಹೋದಳು. ಜನ ನನ್ನನ್ನು ಕೀಳಾಗಿ ಕಂಡದ್ದು ಎಷ್ಟೋ ಸಲ. ಆದರೆ ಕೀಳಾಗಿ ಕಾಣುವುದಕ್ಕೆ ಪೂರಾ ಹಕ್ಕು ಇದ್ದವರು ಹಾಗೆ ಕಂಡದ್ದು ಆ ಒಂದು ಸಲ.

ಮಗು ಕಾಲು ಮುಂದಾಗಿ ಬರುತ್ತಿತ್ತು. ಹೊರಗೆ ರುದ್ರಗೌಡರು ಮೂರು ದೇವರಿಗೆ ಹರಕೆ ಹೊತ್ತರು. ಒಳಗೆ ಇಮಾಂಬಿ ಎರಡು ತಾಸು ಹೆಣಗಿದಳು. ಸಂಜೆಯ ಹೊತ್ತಿಗೆ ಗಂಡುಮಗುವಿನ ಅಳು ಕೇಳಿತು. ತಾಯಿಯೂ ಉಳಿದಳು. ಮೊನ್ನೆ ರೋಣದಲ್ಲಿ ಜರತಾರಿ ರುಮಾಲು ಸುತ್ತಿ ವಿದ್ಯಾರ್ಥಿವೇತನದ ಹಣ ಒಪ್ಪಿಸಿದ ಚನ್ನಬಸಪ್ಪಗೌಡರು ಆ ಮಗುವೇ. ಅವರಿಗೆ ಇದು ಗೊತ್ತಿಲ್ಲ. ಸೂಲಗಿತ್ತಿಯ ಹೆಸರನ್ನು ಯಾವ ಮನೆಯವರೂ ಮಕ್ಕಳಿಗೆ ಹೇಳುವುದಿಲ್ಲ.

ಹೆಸರಿಡುವ ದಿನ ಗೌಡರು ಮನೆಗೆಲ್ಲ ಸುಣ್ಣ ಹೊಡೆಸಿದರು. ಗುಲಾಬಿ ನೀರು ಚಿಮುಕಿಸಿದರು. ಇಮಾಂಬಿಗೆ ಒಂದು ಸೀರೆ, ಒಂದು ಮೊರದ ತುಂಬ ಜೋಳ ಕೊಟ್ಟು, ಎಲ್ಲರೆದುರು ದೊಡ್ಡದಾಗಿ, "ಮತ್ತೇನ್ ಬೇಕು, ಕೇಳು" ಎಂದರು. ಅವಳು ಸೀರೆಯನ್ನು ಮೊರದ ಮೇಲೆ ಮಡಿಸಿಟ್ಟು ಹೇಳಿದಳು: "ನನ್ನ ಮಗನ ಕಾಗದಕ್ಕ ಸಹಿ ಬೇಕಾಗಿತ್ರಿ."

ಗೌಡರ ಮುಖ ನೋಡುವಂತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಆ ಕಾಗದ ಮಳ್ಯಾಗ ತೊಯ್ದು ಹಾಳಾತಲ್ರಿ, ರಾಯರ?" ಎಂದರು.

ಕಾಗದ ಒಣಗಿಯೇ ಇತ್ತು. ನಾನು ಬಸವಂತನ ಕಾಗದ ಬರೆಯುವಾಗ ಅದು ಪೆಟ್ಟಿಗೆಯಲ್ಲಿ ಮಡಿಸಿದಂತೆಯೇ ಇದ್ದುದನ್ನು ಕಂಡಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಹೌದ್ರಿ" ಎಂದೆ.

ಇಮಾಂಬಿ ನನ್ನನ್ನು ಒಂದು ಕ್ಷಣ ನೋಡಿ, ಜೋಳದ ಮೊರವನ್ನು ತಲೆಯ ಮೇಲೆ ಹೊತ್ತು ಹೋದಳು. ಸೀರೆಯನ್ನು ಕಟ್ಟೆಯ ಮೇಲೆ ಬಿಟ್ಟಿದ್ದಳು. ಮರೆತಳೆಂದು ಗೌಡರ ಮನೆಯವರು ಅದನ್ನು ಒಳಗೆ ತೆಗೆದುಕೊಂಡರು.

ಆ ದಿನ ರೋಣಕ್ಕೆ ಹಿಂದಿರುಗುವ ದಾರಿಯಲ್ಲಿ ಹೊಲಗಳೆಲ್ಲ ಹಸಿರಾಗಿದ್ದವು, ಹೆಸರಿನ ಬೆಳೆ ಹೂವಿಗೆ ಬಂದಿತ್ತು. ನನಗೆ ಅದಾವುದೂ ಕಾಣಲಿಲ್ಲ. ನನ್ನಲ್ಲಿ ಏಕಾಏಕಿ ಧೈರ್ಯ ಹುಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ನನ್ನನ್ನು ನಾನು ಸಹಿಸಲಾರದೆ ಹೋದೆ, ಅಷ್ಟೇ. ಮರುವಾರ ಗಜೇಂದ್ರಗಡಕ್ಕೆ ಹೋಗಿ ಇಸ್ಮಾಯಿಲನಿಗೆ ಹೇಳಿದೆ, ಹೊಸ ಕಾಗದ ಬರೆದುಕೊಡುತ್ತೇನೆ, ನರಗುಂದದಲ್ಲಿ ಒಬ್ಬ ವೈದ್ಯರಿದ್ದಾರೆ, ಅವರನ್ನು ಕೇಳೋಣ ಎಂದು.

"ನೀವು ಅಲ್ಲೂ ನಗತೀರೇನ್ರಿ?" ಎಂದು ಕೇಳಿದ.

"ಇಲ್ಲಪಾ."

"ಹಂಗಾರ ಬರ್ತೀನಿ."

ದಾರಿಯಲ್ಲಿ ಯಾವಗಲ್ ಎಂಬ ಊರಿನ ಬಳಿ ಬೆಣ್ಣಿಹಳ್ಳ ತುಂಬಿ ಹರಿಯುತ್ತಿತ್ತು. ಕಂದು ನೀರಿನಲ್ಲಿ ಬೇಲಿಯ ಮುಳ್ಳು, ಬಣವೆಯ ಸೊಪ್ಪೆ ತೇಲಿ ಹೋಗುತ್ತಿದ್ದವು. ಎರಡು ದಿನ ದಡದಲ್ಲೇ ಕಾದೆವು. ದನದ ಕೊಟ್ಟಿಗೆಯೊಂದರಲ್ಲಿ ಕುಳಿತು ಅವನು ತನ್ನಲ್ಲಿದ್ದ ಒಂದೇ ಇಂಗ್ಲಿಷ್ ಪುಸ್ತಕವನ್ನು ಓದುತ್ತಿದ್ದ. ಅದು ಕುದುರೆಗಳ ರೋಗದ ಪುಸ್ತಕ, ತಂದೆಯ ಸಾಹೇಬನೊಬ್ಬ ಬಿಸಾಡಿದ್ದು. ಅರ್ಥವಾಗದ ಮಾತುಗಳನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆದು ನನ್ನನ್ನು ಕೇಳಿದ. ಹತ್ತರಲ್ಲಿ ಎಂಟು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದನ್ನು ನಾನು ಕಲಿತದ್ದು ಆ ಕೊಟ್ಟಿಗೆಯಲ್ಲಿ.

ನರಗುಂದದ ವೈದ್ಯ ರಾಘವಾಚಾರ್ಯರು ಗುಡ್ಡದ ಬುಡದಲ್ಲಿದ್ದ ಮನೆಯ ಜಗುಲಿಯಲ್ಲಿ ಅಳಲೆಕಾಯಿ ಕುಟ್ಟುತ್ತಿದ್ದರು. ಎಪ್ಪತ್ತು ದಾಟಿದವರು, ಮುಂಗೋಪಿ. ಇಂಗ್ಲಿಷ್ ವೈದ್ಯದ ಹೆಸರು ಕೇಳಿದರೆ ಉಗುಳುತ್ತಾರೆಂದು ಪ್ರಸಿದ್ಧಿ. ನಾವು ಬಂದ ಕಾರಣ ಕೇಳಿ ಅವರು ಉಗುಳಿಯೂ ಉಗುಳಿದರು. ಆಮೇಲೆ ಇಸ್ಮಾಯಿಲನನ್ನು ಎದುರಿಗೆ ಕೂರಿಸಿಕೊಂಡರು.

"ನಾಡಿ ನೋಡ್ಲಿಕ್ಕೆ ಬರ್ತದೇನು?"

"ಇಲ್ರಿ."

"ನಾಲ್ಕು ಗಿಡಮೂಲಿಕೆ ಹೆಸರು ಹೇಳು."

"ಗೊತ್ತಿಲ್ರಿ."

"ಮತ್ತ ಏನು ಗೊತ್ತದ?"

"ನಮ್ಮಪ್ಪ ಹ್ಯಾಂಗ ಸತ್ತಾ ಅನ್ನೂದು ಗೊತ್ತೈತ್ರಿ. ಮೊದಲ ದವಡಿ ಬಿಗೀತು. ಆಮ್ಯಾಲ ಕುತಿಗಿ. ಆಮ್ಯಾಲ ಬೆನ್ನು ಬಿಲ್ಲಿನಾಂಗ ಬಾಗಿತು. ಬೆಳಕು ಬಿದ್ರ ಹೆಚ್ಚಾಗ್ತಿತ್ತು, ಸಪ್ಪಳ ಆದ್ರ ಹೆಚ್ಚಾಗ್ತಿತ್ತು. ಏಳ ದಿನಾ ಕುಂತು ನೋಡೀನ್ರಿ. ಯಾಕ ಅಂತ ಯಾರಿಗೂ ಗೊತ್ತಿರಲಿಲ್ಲ."

ಆಚಾರ್ಯರು ಕುಟ್ಟಾಣಿಯನ್ನು ಬದಿಗಿಟ್ಟರು. "ನನಗೂ ಗೊತ್ತಿಲ್ಲ" ಎಂದರು. "ಐವತ್ತು ವರ್ಷ ಗೊತ್ತದ ಅಂತ ಹೇಳಿ ಕಷಾಯ ಕೊಟ್ಟೀನಿ. ಆ ಬಿಳಿ ಮಂದಿಗೆ ಗೊತ್ತದೋ ಇಲ್ಲೋ, ಹೋಗಿ ನೋಡಿ ಬಾ. ಅವರೂ ಸುಳ್ಳು ಹೇಳಿದ್ರ ನನಗ ತಿಳಸು." ಲೇಖಣಿ ತರಿಸಿ ಕಾಗದಕ್ಕೆ ಸಹಿ ಹಾಕಿದರು. ಆಮೇಲೆ ನನ್ನನ್ನು ನೋಡಿ, "ಎರಡನೇದು ಯಾರದು?" ಎಂದರು.

"ಹುಡುಕಬೇಕ್ರಿ."

"ನೀವು ಯಾರು?"

"ಕಾರಕೂನ."

"ಮರ್ಯಾದಸ್ಥರಲ್ಲೇನು?"

ಗೌಡರಿಗೆ ತಿಳಿದರೆ ಏನಾಗಬಹುದೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆಚಾರ್ಯರು ಲೇಖಣಿಯನ್ನು ನನ್ನ ಕಡೆ ಚಾಚಿ ಹಿಡಿದೇ ಇದ್ದರು. ಇಸ್ಮಾಯಿಲ್ ನನ್ನನ್ನು ನೋಡುತ್ತಿರಲಿಲ್ಲ, ಗುಡ್ಡದ ಕಡೆ ನೋಡುತ್ತಿದ್ದ. ಸಹಿ ಹಾಕಿದೆ. ಆ ದಿನ ನನ್ನ ಅಕ್ಷರ ಸೊಟ್ಟಗೆ ಬಂತು.

ಎರಡೂ ಕಾಗದಗಳು ಒಂದೇ ಚೀಲದಲ್ಲಿ ಧಾರವಾಡಕ್ಕೆ ಹೋದವು. ಒಂದರಲ್ಲಿ ರುದ್ರಗೌಡರ ಸಹಿ, ಅವರ ಬೀಗರೊಬ್ಬರ ಸಹಿ. ಇನ್ನೊಂದರಲ್ಲಿ ಒಬ್ಬ ಮುದಿ ವೈದ್ಯ, ಒಬ್ಬ ಹೇಡಿ ಕಾರಕೂನ. ಹಿಂಗಾರಿ ಬಿತ್ತನೆ ನಡೆದಿದ್ದಾಗ ಇಬ್ಬರಿಗೂ ಪರೀಕ್ಷೆಗೆ ಕರೆ ಬಂತು. ಬಸವಂತ ಸವಾರಿ ಬಂಡಿಯಲ್ಲಿ ಹೋದ. ಇಸ್ಮಾಯಿಲ್ ನಡೆದು ಹೋದ.

ಅಲ್ಲಿ ನಡೆದದ್ದನ್ನು ಇಸ್ಮಾಯಿಲನೇ ನನಗೆ ಹೇಳಿದ. ದೊರೆ ಡಾಕ್ಟರರು ಇಂಗ್ಲಿಷ್ ಓದಿಸುವ ಮೊದಲೇ ಇಬ್ಬರನ್ನೂ ದಂಡಿನ ಆಸ್ಪತ್ರೆಗೆ ಕರೆದೊಯ್ದರು. ತೋಪಿನ ಗಾಲಿಗೆ ಸಿಕ್ಕು ಬೆರಳು ಜಜ್ಜಿದ ಒಬ್ಬ ಸಿಪಾಯಿ ಇದ್ದ. ಎರಡು ಬೆರಳು ತೆಗೆಯಬೇಕಿತ್ತು. ಬಸವಂತನಿಗೆ ಕೈ ಹಿಡಿ ಎಂದರು. ಅಷ್ಟು ದೊಡ್ಡ ಆಳು, ಕತ್ತಿ ಹೊರಗೆ ಬರುವ ಮೊದಲೇ ಸಿಪಾಯಿಯ ಮೇಲೆ ಅಡ್ಡಬಿದ್ದ. ಡಾಕ್ಟರರು ಅವನನ್ನು ದಾಟಿ ಆಚೆ ನಿಂತು ಇಸ್ಮಾಯಿಲನ ಕಡೆ ನೋಡಿದರು. ಇಸ್ಮಾಯಿಲ್ ಕೈ ಹಿಡಿದ. ಮುಗಿಯುವವರೆಗೂ ಹಿಡಿದಿದ್ದ. ಆಮೇಲೆ ಹೊರಗೆ ಹೋಗಿ ವಾಂತಿ ಮಾಡಿದನಂತೆ. ಅದನ್ನು ಕಂಡು ಡಾಕ್ಟರರು ನಕ್ಕು, ಹಿಡಿದಿದ್ದಾಗ ಮಾಡಲಿಲ್ಲವಲ್ಲ, ಸಾಕು ಎಂದರಂತೆ. ಬಸವಂತ ಎಚ್ಚರಾದ ಮೇಲೆ ಬಹಳ ಸಂತೋಷದಿಂದ ಊರಿಗೆ ಮರಳಿದ. ಆ ವರ್ಷ ನನ್ನ ಕಣ್ಣಿಗೆ ಬಿದ್ದ ಒಬ್ಬನೇ ಸುಖಿ ಅವನು.

ರುದ್ರಗೌಡರು ನನ್ನನ್ನು ಮತ್ತೆ ಕರೆಸಲಿಲ್ಲ. ಬಿಳಿಜೋಳ ತೆನೆಗೆ ಬರುವಷ್ಟರಲ್ಲಿ ನನಗೆ ದೂರದ ಊರಿಗೆ ವರ್ಗವಾಯಿತು. ಹೋಗುವ ಮುನ್ನ ಹಳೆಯ ಕಾಗದದ ಕಟ್ಟುಗಳನ್ನೆಲ್ಲ ಬಿಚ್ಚಿ ಎಣಿಸಿ ಮುಂದಿನವನಿಗೆ ಒಪ್ಪಿಸಿ, ರೋಣ ಬಿಟ್ಟೆ.

ಹತ್ತು ರೂಪಾಯಿ ದೊಡ್ಡ ಹಣವಲ್ಲ. ಗೌಡರ ಮನೆಯಲ್ಲಿ ಒಂದು ಹಬ್ಬದ ಎಣ್ಣೆಗೆ ಹೋಗುತ್ತಿತ್ತು. ಆದರೆ ಅದು ತಿಂಗಳು ತಿಂಗಳು ತಪ್ಪದೆ ಬಂತು, ಯಾರ ಅಂಗಳದಲ್ಲೂ ತೋಯಿಸಿ ನಿಲ್ಲಿಸದೆ ಬಂತು. ಇಸ್ಮಾಯಿಲ್ ಒಂದು ಹೊತ್ತು ಉಂಡು, ಉಳಿದದ್ದರಲ್ಲಿ ಒಂದಿಷ್ಟನ್ನು ತಾಯಿಗೆ ಕಳಿಸಿದ. ಆ ಐದು ವರ್ಷ ಇಮಾಂಬಿ ಕೂಳಿಗಾಗಿ ಯಾರ ಮುಂದೂ ನಿಲ್ಲಲಿಲ್ಲ. ಅವನ ಪತ್ರಗಳು ನನಗೂ ಬರುತ್ತಿದ್ದವು. ಮೊದಲ ವರ್ಷ ಹೆಣದ ಕೋಣೆಯ ವಾಸನೆ ಕೂದಲಿನಿಂದ ಹೋಗುವುದಿಲ್ಲವೆಂದು ಬರೆದ. ಎರಡನೆಯ ವರ್ಷ ತನ್ನ ಜೊತೆಗಾರರಲ್ಲಿ ಅರ್ಧ ಜನ ಈ ಹಣ ಇಲ್ಲದಿದ್ದರೆ ಊರಿನಲ್ಲಿ ಕೂಲಿ ಮಾಡುತ್ತಿದ್ದರೆಂದು ಬರೆದ. ಮೂರನೆಯ ವರ್ಷ, "ಧನುರ್ವಾಯುವಿನ ಬಗ್ಗೆ ಕೇಳಿದೆ, ಇಲ್ಲಿಯ ಗುರುಗಳೂ ಗೊತ್ತಿಲ್ಲ ಎಂದರು, ಆಚಾರ್ಯರಿಗೆ ಹೇಳಿ" ಎಂದು ಬರೆದ. ಹೇಳಲು ಆಚಾರ್ಯರು ಬದುಕಿರಲಿಲ್ಲ.

ಬಂಡಾಯ ಅಡಗಿದ ಮರುವರ್ಷ ಅವನು ಓದು ಮುಗಿಸಿ ಎಂಟು ದಿನದ ಮಟ್ಟಿಗೆ ಊರಿಗೆ ಬಂದ. ಆಮೇಲೆ ಸರಕಾರ ಹೇಳಿದಲ್ಲಿಗೆ ಹೋಗಬೇಕು. ರುದ್ರಗೌಡರು ಅಷ್ಟರಲ್ಲಿ, ಆ ಹುಡುಗನನ್ನು ಮುಂಬೈಗೆ ಕಳಿಸಿದವರು ತಾವೇ ಎಂದು ಹತ್ತೂರಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ಊಟಕ್ಕೆ ಕರೆಯಲು ಬಂಡಿಯನ್ನೂ ಕಳಿಸಿದರು. ಇಸ್ಮಾಯಿಲ್ ಬಂಡಿಯವನಿಗೆ ನೀರು ಕೊಟ್ಟು ಹಿಂದೆ ಕಳಿಸಿದ.

ನಾನು ರಜೆ ಹಾಕಿ ಗಜೇಂದ್ರಗಡಕ್ಕೆ ಹೋಗಿದ್ದೆ. ಚಳಿಗಾಲದ ಮಧ್ಯಾಹ್ನ. ಇಮಾಂಬಿ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು, ಮಗ ಎದುರಿಗಿದ್ದ. ನನ್ನ ಸಲುವಾಗಿ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ತಾಯಿ ಮಗನನ್ನು ಪರೀಕ್ಷೆ ಮಾಡುತ್ತಿದ್ದಳು.

"ಕೂಸು ಅಡ್ಡ ಮಲಗಿದ್ರ ಏನ್ ಮಾಡ್ತೀರಿ?"

ಅವನು ಕೈಯಿಂದ ತೋರಿಸಿದ. ಅವಳು ಮೂಗು ಮುರಿದಳು. "ಅದನ್ನ ನಾನೂ ಮಾಡ್ತೀನಿ. ಅದಕ್ಕ ಮುಂಬೈಗೆ ಹೋಗಬೇಕಿತ್ತ? ಮಾಸು ಬೀಳಲಿಲ್ಲಂದ್ರ?" ಅವನು ಹೇಳಿದ. "ಅದೂ ಗೊತ್ತೈತಿ. ಐದು ವರ್ಷ ಸರಕಾರದ ರೊಕ್ಕ ತಿಂದು ನನ್ನ ವಿದ್ಯಾ ಕಲತು ಬಂದಿ." ಅವಳು ಬಹಳ ಸಂತೋಷದಲ್ಲಿದ್ದಳು. ನಾವು ಮೂವರೂ ನಕ್ಕೆವು.

"ಒಂದು ಔಷಧ ಐತಿ ಅಮ್ಮಾ" ಎಂದ ಇಸ್ಮಾಯಿಲ್. "ಅರಿವಿ ಮ್ಯಾಲ ನಾಲ್ಕು ಹನಿ ಹಾಕಿ ಮೂಗಿನ ಹತ್ರ ಹಿಡೀತಾರ. ಬ್ಯಾನಿ ಗೊತ್ತಾಗಂಗಿಲ್ಲ. ಒಳಗ ಕೈ ಹಾಕಿ ಕೂಸು ತಿರುವಿದ್ರೂ ಗೊತ್ತಾಗಂಗಿಲ್ಲ. ಎಚ್ಚರಾದಾಗ ಕೂಸು ಬಾಜೂ ಇರ್ತೈತಿ."

ಬೀಸುವ ಕಲ್ಲು ನಿಂತಿತು.

"ಗೊತ್ತಾಗಂಗಿಲ್ಲ?"

"ಗೊತ್ತಾಗಂಗಿಲ್ಲ. ನಾ ಕಣ್ಣಾರೆ ನೋಡೀನಿ."

ಅವಳು ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ, "ಹ್ವಾದ ವರ್ಷ ಪುರ್ತಗೇರಿ ನೀಲವ್ವ ಮೂರು ದಿನಾ ಚೀರಿದ್ಲು. ಮುಟ್ಟಾಕ ಬಿಡಲಿಲ್ಲ. ಮುಟ್ಟಿದ್ರ ಇನ್ನೂ ಚೀರ್ತಿದ್ಲು. ಹೊರಗ ಗಂಡಸರು ಕುಂತಾರ ಅಂತ ನಾನ ಆಕಿ ಬಾಯಾಗ ಅರಿವಿ ತುರುಕಿದೆ. ಅರಿವಿ ಹಂಗ ಇತ್ತು, ಆಕಿ ಹೋದ್ಲು" ಎಂದಳು. ಅಳಲಿಲ್ಲ. "ಆ ಔಷಧ ಹ್ವಾದ ವರ್ಷ ಇತ್ತೇನ?"

ಇಸ್ಮಾಯಿಲ್ ತಡೆದು ಹೇಳಿದ. "ಇತ್ತು ಅಮ್ಮಾ. ಭಾಳ ವರ್ಷದಿಂದ ಐತಿ."

"ಮತ್ತ ನಮ್ಮ ಕಡಿ ಯಾಕ ಬರಲಿಲ್ಲ?"

"ಕಲತು ತರಾವ್ರು ಬೇಕಲ್ಲ. ನಮ್ಮ ಕಡಿಂದ ಯಾರೂ ಹೋಗಿರಲಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ನನ್ನ ಮಗನಕಿಂತ ಮೊದಲ ಯಾರನ್ನೂ ಕರೆದಿರಲಿಲ್ಲೇನ್ರಿ, ರಾಯರ?"

ಕರೆದಿದ್ದರು. ರೋಣ ಬಿಡುವ ಮುನ್ನ ಕಟ್ಟುಗಳನ್ನು ಒಪ್ಪಿಸುವಾಗ ನಾನೇ ನೋಡಿದ್ದೆ. ಅದೇ ಹಣ, ಅದೇ ಕೋಣೆ, ಅದೇ ಪುಸ್ತಕ. ಹಿಂದಿನ ಎರಡು ವರ್ಷವೂ ಪ್ರಕಟಣೆ ಬಂದಿತ್ತು. ಭಾಗದ ಹಿರಿಯ ಜಮೀನುದಾರರೆಂದು ರುದ್ರಗೌಡರ ಅಭಿಪ್ರಾಯ ಕೇಳಿದ್ದರು. ನಮ್ಮ ಕಡೆ ಅಂಥ ಹುಡುಗರು ಯಾರೂ ಇಲ್ಲ ಎಂದು ಎರಡು ಸಲವೂ ಒಂದೇ ಸಾಲು ಬರೆಸಿ ಸಹಿ ಹಾಕಿ ಕೊಟ್ಟಿದ್ದರು. ಆಗ ಒಬ್ಬ ಹೋಗಿದ್ದರೆ, ನೀಲವ್ವ ಚೀರುವ ಹೊತ್ತಿಗೆ ಓದು ಮುಗಿಸಿ ಬಂದಿರುತ್ತಿದ್ದ.

"ನನಗ ಗೊತ್ತಿಲ್ಲ" ಎಂದೆ.

ಇಮಾಂಬಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿ ಬೀಸತೊಡಗಿದಳು.